ದಾಳ ಹಾಕಿದ್ರೆ ಸ್ವರ ಬರತ್ತೆ, ಟ್ಯೂನ್ ಯಾಕೆ ಬರ್ತಿಲ್ಲ?

ಓದುಗರ ಪ್ರಶ್ನೆ: "ಸರ್ ನಮಸ್ತೆ. ನಾನು ಶಿವಮೊಗ್ಗದಲ್ಲಿ ಪಿಯು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ, ಎಲೆಕ್ಟ್ರಾನಿಕ್ಸ್ ಹವ್ಯಾಸ. ಮಗಳು ಆರನೇ ಕ್ಲಾಸು, ಸಂಗೀತ ಕಲೀತಿದ್ದಾಳೆ, ಅವಳಿಗೋಸ್ಕರ ತನ್ನಷ್ಟಕ್ಕೆ ತಾನೇ ಟ್ಯೂನ್ ಕಟ್ಟೋ ಒಂದು ಸಣ್ಣ ಡಿಜಿಟಲ್ ಸಿಂಥ್, ಅಂದ್ರೆ ಸ್ವರ ಹುಟ್ಟಿಸೋ ಎಲೆಕ್ಟ್ರಾನಿಕ್ ವಾದ್ಯ, ಮಾಡೋಣ ಅಂತ ಹೊರಟೆ. ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಅಂಕಿಗಳನ್ನ ಸದ್ದಿನ ಸಿಗ್ನಲ್ ಮಾಡೋ ಪಿಸಿಎಂ5102 ಡ್ಯಾಕು, ಒಂದು ಸಣ್ಣ ಓಎಲ್‌ಇಡಿ ಡಿಸ್‌ಪ್ಲೇ, ನಾಲ್ಕು ನಾಬು. ಮಾಯಾಮಾಳವಗೌಳ ರಾಗದ ಎಂಟು ಸ್ವರ, ಅಂದ್ರೆ ಮಧ್ಯಸ್ಥಾಯಿ ಸ ಇಂದ ಮೇಲಿನ ಸ ತನಕ, ಒಂದು ಟೇಬಲ್ಲಲ್ಲಿಟ್ಟು ಸಿ ಭಾಷೆಯ ರ್ಯಾಂಡ್ ಫಂಕ್ಷನ್ನಿಂದ ಒಂದೊಂದೇ ಆರಿಸಿ ನುಡಿಸ್ತಿದೀನಿ. ನಿಮಿಷಕ್ಕೆ 90 ಬೀಟು, ಬೀಟಿಗೆ ಎರಡು ಸ್ವರ. ಸ್ವರ ಎಲ್ಲಾ ಸರಿಯಾಗೇ ಇದೆ ಆದ್ರೆ ಟ್ಯೂನ್ ಅನ್ನೋದೇ ಬರಲ್ಲ, ಮಗಳು 'ಅಪ್ಪಾ ಇದು ಎಲ್ಲಿಗೂ ಹೋಗ್ತಾನೇ ಇಲ್ಲ' ಅಂದ್ಲು. ಆಮೇಲೆ ಪ್ರತಿ ಸಲ ಆನ್ ಮಾಡಿದಾಗ್ಲೂ ಅದೇ ಸ್ವರಗಳಿಂದ ಶುರುವಾಗತ್ತೆ, ಹಾಗಾಗಿ ನನ್ನ ರ್ಯಾಂಡಮ್ಮೇ ನಕಲಿ ಅನ್ಸತ್ತೆ. ಜೀನರ್ ಡಯೋಡ್ ಅನ್ನೋ ಬಿಡಿಭಾಗದ ವಿದ್ಯುತ್ ನಾಯ್ಸಿಂದ ನಿಜವಾದ ರ್ಯಾಂಡಮ್ ತೆಗೆದ್ರೆ ಸರಿಹೋಗತ್ತಾ? ಇಲ್ಲ ಎಐ ಮಾಡೆಲ್ಲೇ ಹಾಕ್ಬೇಕಾ? ಸ್ವರ ಬದಲಾಗೋವಾಗ ಟಿಕ್ ಟಿಕ್ ಅಂತ ಸದ್ದು ಬೇರೆ. ಮಗಳ ಸಂಗೀತದ ಮೇಷ್ಟ್ರು ಕೇಳಿ 'ಇದನ್ನ ರಾಗ ಅಂತ ಮಾತ್ರ ಕರೀಬೇಡಿ' ಅಂದ್ರು, ಮನಸ್ಸಿಗೆ ಬೇಜಾರಾಯ್ತು."

ಉತ್ತರ:

ನಮಸ್ತೆ ಸರ್. ನಿಮ್ಮ ಮಗಳು ಹೇಳಿದ್ದು ನೂರಕ್ಕೆ ನೂರು ಸರಿ, ಇಡೀ ಸಮಸ್ಯೆ ಅವಳ ಆ ಒಂದು ಮಾತಲ್ಲೇ ಇದೆ. ನಾನು ಬೆಂಗಳೂರಲ್ಲಿ ಹದಿನೆಂಟು ವರ್ಷದಿಂದ ಆಡಿಯೋ ಫರ್ಮ್‌ವೇರ್, ಅಂದ್ರೆ ಸದ್ದಿನ ಯಂತ್ರಗಳ ಒಳಗಿನ ಪ್ರೋಗ್ರಾಮ್, ಬರೀತಿದೀನಿ, ಈ ಥರದ ಸ್ವರ ಆರಿಸೋ ಯಂತ್ರಗಳನ್ನ ಹತ್ತಾರು ಮಾಡಿದೀನಿ, ನನ್ನ ಮೊದಲನೇದೂ ಥೇಟ್ ನಿಮ್ಮದರ ಹಾಗೇ ಇತ್ತು. ನೀವು ಬರೆದಿರೋದ್ರಲ್ಲಿ ಮೂರು ಬೇರೆ ಬೇರೆ ತೊಂದರೆ ಒಂದಕ್ಕೊಂದು ಸಿಕ್ಕಾಕೊಂಡಿವೆ. ಟ್ಯೂನ್ ಬರ್ತಿಲ್ಲ ಅನ್ನೋದು ಒಂದು, ಆನ್ ಮಾಡಿದಾಗೆಲ್ಲಾ ಅದೇ ಶುರು ಅನ್ನೋದು ಇನ್ನೊಂದು, ಟಿಕ್ ಸದ್ದು ಮೂರನೇದು. ಈ ಮೂರಕ್ಕೂ ಒಂದಕ್ಕೊಂದು ಸಂಬಂಧನೇ ಇಲ್ಲ, ನೀವು ಎರಡನೇದನ್ನ ಮೊದಲನೇದಕ್ಕೆ ಕಾರಣ ಅಂದ್ಕೊಂಡಿದೀರಿ, ಅದಕ್ಕೇ ಜೀನರ್ ಡಯೋಡ್ ಕಡೆ ಹೊರಟಿದೀರಿ.

ಅದನ್ನ ಮೊದಲು ಬಿಡಿಸ್ತೀನಿ. ರ್ಯಾಂಡ್ ಫಂಕ್ಷನ್ನಿಗೆ ನೀವು ಸೀಡ್, ಅಂದ್ರೆ ಶುರುವಿನ ಅಂಕಿ, ಕೊಡದೇ ಹೋದ್ರೆ ಅದು ಸೀಡ್ 1 ಅಂದ್ಕೊಂಡು ಶುರು ಮಾಡತ್ತೆ, ಸಿ ಭಾಷೆಯ ನಿಯಮನೇ ಹಾಗೆ, ಹಾಗಾಗಿ ಪ್ರತಿ ಸಲ ಅದೇ ಸಾಲು ಬರೋದು. ಇದು ನಿಮ್ಮ ಬೋರ್ಡಿನ ದೋಷ ಅಲ್ಲ. ಇಎಸ್‌ಪಿ32 ಒಳಗೇ ಹಾರ್ಡ್‌ವೇರ್ ರ್ಯಾಂಡಮ್ ಜನರೇಟರ್ ಇದೆ, ವೈಫೈ ಅಥವಾ ಬ್ಲೂಟೂತ್ ಆನ್ ಇದ್ದಾಗ ಅದು ನಿಜವಾದ ರ್ಯಾಂಡಮ್ಮೇ ಕೊಡತ್ತೆ, ಆಫ್ ಇದ್ದಾಗ ಅಷ್ಟು ಗ್ಯಾರಂಟಿ ಇಲ್ಲ, ಆದ್ರೂ ಸಂಗೀತಕ್ಕೆ ಬೇಕಾದ್ದಕ್ಕಿಂತ ಜಾಸ್ತೀನೇ. ಇನ್ನೂ ಸುಲಭದ ದಾರಿ ಅಂದ್ರೆ ಮಗು ಮೊದಲ ಸಲ ಬಟನ್ ಒತ್ತಿದ ಕ್ಷಣದಲ್ಲಿ ಮೈಕ್ರೋಸೆಕೆಂಡ್ ಕೌಂಟರ್ ಎಷ್ಟಿತ್ತೋ ಅದನ್ನೇ ಸೀಡ್ ಮಾಡೋದು, ಮನುಷ್ಯರ ಬೆರಳು ಒಂದೇ ಮೈಕ್ರೋಸೆಕೆಂಡಿಗೆ ಎರಡು ಸಲ ಬೀಳಲ್ಲ. ಖಾಲಿ ಬಿಟ್ಟ ಅನಲಾಗ್ ಪಿನ್ ಓದಿ ಸೀಡ್ ಮಾಡಿ ಅಂತ ತುಂಬ ಜನ ಹೇಳ್ತಾರೆ, ಅದನ್ನ ನಂಬಬೇಡಿ, ಎಷ್ಟೋ ಬೋರ್ಡಲ್ಲಿ ಆ ಪಿನ್ ಸದಾ ಸೊನ್ನೆನೇ ತೋರಿಸ್ತಾ ಕೂತಿರತ್ತೆ.

ಆದ್ರೆ ಜೀನರ್ ಹಾಕಿದ ಮಾತ್ರಕ್ಕೆ ಟ್ಯೂನ್ ಬರತ್ತಾ ಅಂದ್ರೆ, ಇಲ್ಲ. ನಿಜವಾದ ರ್ಯಾಂಡಮ್ಮಿಂದ ಆರಿಸಿದ ಸ್ವರಕ್ಕೂ ಲೆಕ್ಕದಿಂದ ಬಂದ ಸುಳ್ಳು ರ್ಯಾಂಡಮ್ ಸ್ವರಕ್ಕೂ ವ್ಯತ್ಯಾಸ ಯಾವ ಕಿವಿಗೂ ಗೊತ್ತಾಗಲ್ಲ. ರ್ಯಾಂಡಮ್ ನಂಬರನ್ನ ಸ್ವರಗಳ ಸಂಖ್ಯೆಯಿಂದ ಭಾಗಿಸಿ ಶೇಷ ತೆಗೆದು ಆರಿಸೋದ್ರಲ್ಲಿ ಪಕ್ಷಪಾತ ಇರತ್ತೆ ಅಂತ ಕೆಲವರು ಹೆದರಿಸ್ತಾರೆ, ನಿಮಗೆ ಎಂಟು ಸ್ವರ ಇರೋದ್ರಿಂದ ಅದೂ ಇಲ್ಲ. ಏಳೇ ಸ್ವರ ಇದ್ದು 8 ಬಿಟ್ಟಿನ, ಅಂದ್ರೆ 256 ಬೆಲೆ ಇರೋ, ನಂಬರ್ ಆಗಿದ್ರೆ 256ನ್ನ ಏಳರಿಂದ ಭಾಗಿಸಿ ನಾಲ್ಕು ಉಳಿದು, ಮೊದಲ ನಾಲ್ಕು ಸ್ವರಕ್ಕೆ 37 ಚಾನ್ಸು, ಉಳಿದ ಮೂರಕ್ಕೆ 36 ಚಾನ್ಸು ಆಗ್ತಿತ್ತು. ಕೇಳಿಸಿಕೊಳ್ಳೋಕೆ ಸಾಧ್ಯನೇ ಇಲ್ಲದ ವ್ಯತ್ಯಾಸ ಅದು. ಆ ದುಡ್ಡಲ್ಲಿ ಮಗುಗೆ ಒಳ್ಳೇ ಸ್ಪೀಕರ್ ತಂದುಕೊಡಿ.

ಹಾಗಾದ್ರೆ ಕಾಯಿಲೆ ಎಲ್ಲಿದೆ? ನಿಮ್ಮ ಯಂತ್ರಕ್ಕೆ ನೆನಪಿಲ್ಲ ಸರ್. ಈಗ ನುಡಿಸಿದ್ದೇನು ಅಂತ ಅದಕ್ಕೆ ಗೊತ್ತಿಲ್ಲ, ಮೊದಲು ಹೇಳಿದ್ದನ್ನ ಮತ್ತೆ ಹೇಳೋಕೆ ಬರಲ್ಲ. ಲೆಕ್ಕ ಹಾಕಿ ನೋಡಿ, ಎಂಟು ಸ್ವರಕ್ಕೂ ಸಮ ಚಾನ್ಸ್ ಕೊಟ್ರೆ ಈ ಸ್ವರದಿಂದ ಮುಂದಿನ ಸ್ವರಕ್ಕೆ ಮೂರು ಮೆಟ್ಟಿಲು ಅಥವಾ ಅದಕ್ಕಿಂತ ದೊಡ್ಡ ಜಿಗಿತ ಬರೋ ಸಾಧ್ಯತೆ 64ರಲ್ಲಿ 30, ಅಂದ್ರೆ ಹೆಚ್ಚುಕಡಿಮೆ ಅರ್ಧ. ಯಾರು ಹಾಡ್ತಾರೆ ಹಾಗೆ? ಸರಳೆ ವರಸೆಯಿಂದ ಹಿಡಿದು ಜೋಗುಳದ ತನಕ ಬಹುಪಾಲು ನಡಿಗೆ ಪಕ್ಕದ ಸ್ವರಕ್ಕೇ ಇರತ್ತೆ, ಜಿಗಿತ ಅಪರೂಪ, ಅಪರೂಪ ಆಗಿರೋದ್ರಿಂದ್ಲೇ ಅದಕ್ಕೆ ಬೆಲೆ. ಇನ್ನು ಪುನರಾವರ್ತನೆ. ಎಂಟು ಸ್ವರದ ಒಂದು ಸಾಲು ನುಡಿದ ತಕ್ಷಣ ಅದೇ ಸಾಲು ಮತ್ತೆ ಬರೋ ಚಾನ್ಸು 1,67,77,216ರಲ್ಲಿ ಒಂದು. ನಿಮ್ಮ ವೇಗದಲ್ಲಿ ಒಂದು ಸಾಲಿಗೆ ಎರಡೂ ಮುಕ್ಕಾಲು ಸೆಕೆಂಡ್ ಹತ್ರ ಆಗತ್ತೆ, ಅಂದ್ರೆ ಒಂದು ಸಾಲನ್ನ ಮತ್ತೆ ಕೇಳೋಕೆ ಸರಾಸರಿ ಐನೂರು ಚಿಲ್ಲರೆ ದಿನ ಹಗಲೂ ರಾತ್ರಿ ಕಾಯ್ಬೇಕು. ಮಗು ಎಲ್ಲಿಗೂ ಹೋಗ್ತಿಲ್ಲ ಅಂದಿದ್ದು ಇದನ್ನೇ.

ನನಗೆ ಇದು ತಲೆಗೆ ಹತ್ತಿದ್ದು ಒಂದು ತಪ್ಪಿನಿಂದ. ಕೆಲವು ವರ್ಷದ ಹಿಂದೆ ಒಂದು ಆಫೀಸಿನ ಲಾಬಿಗೆ ದಿನವಿಡೀ ಮೆಲ್ಲಗೆ ಸ್ವರ ಹೊರಡಿಸೋ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದೆ, ಸೀಡ್ ಕೊಡೋದು ಮರೆತಿದ್ದೆ. ದಿನಾ ಬೆಳಿಗ್ಗೆ ಏಳೂವರೆಗೆ ಸೆಕ್ಯುರಿಟಿ ಅಣ್ಣ ಒಬ್ರು ಸ್ವಿಚ್ ಹಾಕೋರು. ಎರಡು ವಾರ ಬಿಟ್ಟು ನಾನು ಹೋದಾಗ ಅವರು ರಿಜಿಸ್ಟರಲ್ಲಿ ನನ್ನ ಹೆಸರು ಬರೀತಾ ಏನೋ ಗುನುಗ್ತಾ ಇದ್ರು, ಏನಣ್ಣ ಅದು ಅಂದೆ, ಇದೇ ನಿಮ್ ಡಬ್ಬದ ಹಾಡು ಅಲ್ವಾ ಸಾರ್ ಅಂದ್ರು. ಸೀಡ್ ಇಲ್ಲದ್ದಕ್ಕೆ ದಿನಾ ಬೆಳಿಗ್ಗೆ ಬರ್ತಿದ್ದ ಅದೇ ಹತ್ತು ಹನ್ನೆರಡು ಸ್ವರ, ಯಾರೂ ಕಟ್ಟದೇ ಇದ್ದ ಸ್ವರ, ಅವರ ಬಾಯಲ್ಲಿ ಟ್ಯೂನ್ ಆಗಿಹೋಗಿತ್ತು. ದಿನದ ಉಳಿದ ಒಂಬತ್ತು ಗಂಟೆ ಬಂದಿದ್ದೂ ಅದೇ ರ್ಯಾಂಡಮ್ಮೇ, ಅದರಲ್ಲಿ ಒಂದು ಸ್ವರನೂ ಅವರಿಗೆ ನೆನಪಿರಲಿಲ್ಲ. ಅವತ್ತು ವಾಪಸ್ ಬಂದು ನಾನು ಇಡೀ ಡಿಸೈನ್ ಬದಲಾಯಿಸಿದೆ.

ಹಾಗಾಗಿ ದಾಳ ಎಲ್ಲಿ ಹಾಕ್ಬೇಕು ಅನ್ನೋದಕ್ಕಿಂತ ಎಲ್ಲಿ ಹಾಕ್ಬಾರ್ದು ಅಂತ ತೀರ್ಮಾನ ಮಾಡೋದೇ ಈ ಯಂತ್ರದ ಡಿಸೈನು. ಇದು ಹಳೇ ವಿದ್ಯೆ. 18ನೇ ಶತಮಾನದ ಯುರೋಪಲ್ಲಿ ದಾಳ ಹಾಕಿ ಮಿನುಯೆಟ್ ಅನ್ನೋ ನೃತ್ಯದ ಸಂಗೀತ ಕಟ್ಟೋ ಆಟ ಇತ್ತು, ಮೊಜಾರ್ಟ್ ಹೆಸರಲ್ಲಿ ಅಚ್ಚಾಗಿದ್ದು ಎಲ್ಲಕ್ಕಿಂತ ಪ್ರಸಿದ್ಧ, ಅವನದ್ದೇ ಅನ್ನೋಕೆ ಗಟ್ಟಿ ಸಾಕ್ಷಿ ಇಲ್ಲ. ಎರಡು ದಾಳ, ಹನ್ನೊಂದು ಮೊತ್ತ, ಹದಿನಾರು ಬಾರ್ (ತಾಳದ ಒಂದೊಂದು ಸುತ್ತು), ಒಟ್ಟು 176 ತುಣುಕು. ಹೇಗೆ ಹಾಕಿದ್ರೂ ಚೆನ್ನಾಗೇ ಕೇಳ್ಸತ್ತೆ, ಯಾಕಂದ್ರೆ ಆ 176 ತುಣುಕನ್ನೂ ಸಂಗೀತ ಬಲ್ಲ ಮನುಷ್ಯ ಕೂತು ಬರೆದಿದಾನೆ, ಯಾವುದರ ಪಕ್ಕ ಯಾವುದು ಬಂದ್ರೂ ಹೊಂದೋ ಹಾಗೆ. ದಾಳಕ್ಕೆ ಬಿಟ್ಟಿರೋದು ಆಯ್ಕೆ ಒಂದೇ.

ಈಗ ನಿಮ್ಮ ಮುಂದಿರೋ ದಾರಿಗಳು. ಮೊದಲನೇದು ತೀರಾ ಸುಲಭ, ಇವತ್ತು ಸಂಜೆನೇ ಮಾಡಬಹುದು, ಅದಕ್ಕೆ ನಮ್ಮ ಚೌಕಾಬಾರದ ಕವಡೆ ಸಾಕು. ನಾಲ್ಕು ಕವಡೆ ಹಾಕಿದ್ರೆ ಎಲ್ಲಾ ಅಂಕಿಗೂ ಸಮ ಚಾನ್ಸ್ ಇರಲ್ಲ ಅಂತ ಆಡಿದ ಎಲ್ಲರಿಗೂ ಗೊತ್ತು, ಚೌಕ ಬೀಳೋದು ಅಪರೂಪ, ಬಾರ ಬೀಳೋದೂ ಅಪರೂಪ, ಎರಡು ಮಾತ್ರ ಬೀಳ್ತಾನೇ ಇರತ್ತೆ. ಕವಡೆ ಎರಡು ಕಡೆಗೂ ಸಮವಾಗಿ ಬೀಳತ್ತೆ ಅಂದ್ಕೊಂಡ್ರೆ ಹದಿನಾರರಲ್ಲಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಒಂದೊಂದು ಸಲ ಚೌಕ ಮತ್ತು ಬಾರ. ಪ್ರೋಗ್ರಾಮಲ್ಲಿ ನಾಲ್ಕು ರ್ಯಾಂಡಮ್ ಬಿಟ್, ಅಂದ್ರೆ ಸೊನ್ನೆ ಅಥವಾ ಒಂದು, ತಗೊಂಡು ಕೂಡಿ, ಅದರಿಂದ ಎರಡು ಕಳೀರಿ. ಉಳಿದ ಸಂಖ್ಯೆ ಸ್ವರ ಅಲ್ಲ, ಅದು ಹೆಜ್ಜೆ. ಸೊನ್ನೆ ಬಂದ್ರೆ ಇದ್ದಲ್ಲೇ ಇರೋದು, ಪ್ಲಸ್ ಒಂದು ಬಂದ್ರೆ ಪಕ್ಕದ ಮೇಲಿನ ಸ್ವರ, ಮೈನಸ್ ಒಂದಕ್ಕೆ ಕೆಳಗಿನದು, ಅಪರೂಪಕ್ಕೆ ಎರಡು ಮೆಟ್ಟಿಲ ಜಿಗಿತ. ಸೊನ್ನೆ ಬಂದಾಗ ಅದೇ ಸ್ವರನ ಮತ್ತೆ ಹೊಡೀಬೇಡಿ, ಹಾಗೇ ದೀರ್ಘ ಮಾಡಿ ಎಳೀರಿ, ಆಗ ಲಯದ ಏರುಪೇರು ತಾನಾಗೇ ಬರತ್ತೆ, ಬೇರೆ ಏನೂ ಕೋಡ್ ಬರೀಬೇಕಾಗಿಲ್ಲ. ಇದೊಂದು ಬದಲಾವಣೆಗೇ ಮನೆಯವರ ಮುಖ ನೋಡಿ.

ಇದರ ಅಪಾಯ ಅಂದ್ರೆ ಅಲೆದಾಟ. ಹೆಜ್ಜೆ ಮೇಲೆ ಹೆಜ್ಜೆ ಇಡ್ತಾ ಮೇಲಿನ ಸ ಹತ್ರ ಹೋಗಿ ಅಲ್ಲೇ ಅರ್ಧ ನಿಮಿಷ ಗೋಡೆಗೆ ಡಿಕ್ಕಿ ಹೊಡೀತಾ ಇರತ್ತೆ. ತುದಿ ಮುಟ್ಟಿದಾಗ ಹೆಜ್ಜೆಯ ದಿಕ್ಕು ತಿರುಗಿಸಿ, ಜೊತೆಗೆ ತಾಳದ ಸಮ, ಅಂದ್ರೆ ಸುತ್ತಿನ ಮೊದಲ ಪೆಟ್ಟು, ಬಂದಾಗಲೆಲ್ಲಾ ಹತ್ತಿರದ ಸ ಅಥವಾ ಪ ಕಡೆಗೆ ಎಳೆಯೋ ಒಂದು ಚಾನ್ಸ್ ಇಡಿ. ಪ್ರತಿ ಸಲನೂ ಎಳೀಬೇಡಿ, ಮೂರರಲ್ಲಿ ಎರಡು ಸಲ ಸಾಕು.

ಎರಡನೇ ದಾರಿ ನನಗೆ ತುಂಬ ಇಷ್ಟ. 1970ರ ದಶಕದಲ್ಲಿ ಬರ್ಕ್‌ಲಿಯಲ್ಲಿ ರಿಚರ್ಡ್ ವಾಸ್ ಮತ್ತು ಜಾನ್ ಕ್ಲಾರ್ಕ್ ಅನ್ನೋ ಭೌತವಿಜ್ಞಾನಿಗಳು ರೇಡಿಯೋದಲ್ಲಿ ಬರೋ ಸಂಗೀತದ ಏರಿಳಿತ ಅಳೆದು ಅದು ಪೂರ್ತಿ ರ್ಯಾಂಡಮ್ಮೂ ಅಲ್ಲ, ಬರೀ ಅಲೆದಾಟನೂ ಅಲ್ಲ, ಎರಡರ ನಡುವೆ ಇದೆ ಅಂತ ತೋರಿಸಿದ್ರು, ಫಿಸಿಕ್ಸಿನೋರಾದ ನಿಮಗೆ ಗೊತ್ತಿರೋ ಒಂದು ಬೈ ಎಫ್ ನಾಯ್ಸ್ ಅದು. ಅದನ್ನ ಮಾಡೋಕೆ ವಾಸ್ ಕೊಟ್ಟ ಉಪಾಯ ಮೂರು ದಾಳದ್ದು. ಒಂದನೇ ದಾಳ ಪ್ರತಿ ಸ್ವರಕ್ಕೂ ಹಾಕ್ಬೇಕು, ಎರಡನೇದು ಎರಡು ಸ್ವರಕ್ಕೊಮ್ಮೆ, ಮೂರನೇದು ನಾಲ್ಕು ಸ್ವರಕ್ಕೊಮ್ಮೆ, ಹಾಕದೇ ಇರೋ ದಾಳ ಹೇಗಿತ್ತೋ ಹಾಗೇ ಟೇಬಲ್ ಮೇಲೆ ಕೂತಿರತ್ತೆ, ಮೂರರ ಮೊತ್ತವೇ ಸ್ವರ. ಮೂರರಿಂದ ಹದಿನೆಂಟು ತನಕ ಹದಿನಾರು ಬೆಲೆ, ಎರಡು ಸ್ಥಾಯಿಗೆ ಸಾಕು. ಅಲುಗಾಡದೇ ಕೂತ ಆ ದಾಳನೇ ನೆನಪು ಸರ್, ಮೂರನೇ ದಾಳ ಹಿಡಿದಿಟ್ಟಿರೋ ಎತ್ತರದ ಸುತ್ತ ಒಂದನೇ ದಾಳ ಆಡ್ತಾ ಇರತ್ತೆ. ನಿಮ್ಮಲ್ಲಿ ಬೀಟಿಗೆ ಎರಡು ಸ್ವರ ಇರೋದ್ರಿಂದ ಎರಡನೇ ದಾಳ ಪ್ರತಿ ಬೀಟಿಗೆ, ಮೂರನೇದು ಎರಡು ಬೀಟಿಗೊಮ್ಮೆ ಬದಲಾಗತ್ತೆ, ಎಂಟು ಅಕ್ಷರದ ಆದಿತಾಳಕ್ಕೆ ತಂತಾನೇ ಕೂರತ್ತೆ. ಒಂದು ಸಂಜೆ ಮಗಳ ಜೊತೆ ಚಾಪೆ ಮೇಲೆ ಕೂತು ನಿಜವಾದ ಮೂರು ದಾಳದಿಂದ್ಲೇ ಮಾಡಿ ನೋಡಿ, ನೀವು ದಾಳ ಹಾಕಿ ಅವಳು ಹಾಡ್ಲಿ. ಇದರ ಕೊರತೆ ಅಂದ್ರೆ ಆಕಾರ ಬರತ್ತೆ ಆದ್ರೆ ಪಲ್ಲವಿ ಬರಲ್ಲ, ಹೇಳಿದ್ದನ್ನ ತಿರುಗಿ ಹೇಳೋದು ಇದಕ್ಕೂ ಗೊತ್ತಿಲ್ಲ.

ಪಲ್ಲವಿ ಬರೋದು ಮೂರನೇ ದಾರೀಲಿ, ನಿಮಗೆ ನಾನು ಹೇಳೋದೂ ಇದನ್ನೇ. ಎಂಟು ಅಥವಾ ಹದಿನಾರು ಬಿಟ್ಟಿನ ಒಂದು ಉಂಗುರ, ಅಂದ್ರೆ ಶಿಫ್ಟ್ ರಿಜಿಸ್ಟರ್. ಪ್ರತಿ ಸ್ವರಕ್ಕೂ ಬಿಟ್ಟುಗಳೆಲ್ಲಾ ಒಂದು ಮನೆ ಮುಂದೆ ಸರಿಯುತ್ವೆ, ಕೊನೇ ಮನೆಯಿಂದ ಆಚೆ ಬಿದ್ದ ಬಿಟ್ ಸುತ್ತಿಕೊಂಡು ಮೊದಲನೇ ಮನೆಗೆ ಬರತ್ತೆ, ಎಂಟು ಮನೆಯನ್ನ ಒಟ್ಟಿಗೆ ಒಂದು ನಂಬರ್ ಥರ ಓದಿ ಅದರಿಂದ ಸ್ವರ ಆರಿಸೋದು. ಏನೂ ಮುಟ್ಟದೇ ಬಿಟ್ರೆ ಎಂಟು ಸ್ವರಕ್ಕೊಮ್ಮೆ ಅದೇ ಸಾಲು ತಿರುಗಿ ತಿರುಗಿ ಬರತ್ತೆ. ದಾಳ ಬರೋದು ಒಂದೇ ಕಡೆ, ಸುತ್ತಿಕೊಂಡು ಬರೋ ಬಿಟ್ಟನ್ನ ಹಾಗೇ ಒಳಗೆ ಬಿಡ್ಬೇಕಾ ತಿರುಗಿಸಿ, ಅಂದ್ರೆ ಸೊನ್ನೆ ಇದ್ರೆ ಒಂದು, ಒಂದಿದ್ರೆ ಸೊನ್ನೆ ಮಾಡಿ, ಬಿಡ್ಬೇಕಾ ಅನ್ನೋ ಕಡೆ. ಆ ಚಾನ್ಸ್ ಎಷ್ಟು ಅನ್ನೋದನ್ನ ಒಂದು ನಾಬಿಗೆ ಕೊಡಿ. ಲಂಡನ್ನಿನ ಟಾಮ್ ವಿಟ್ವೆಲ್ 2012ರಲ್ಲಿ ಟ್ಯೂರಿಂಗ್ ಮಷೀನ್ ಅಂತ ಹೆಸರಿಟ್ಟು ಇಂಥ ಮಾಡ್ಯೂಲ್ ಮಾಡಿ ಸರ್ಕ್ಯೂಟನ್ನ ಎಲ್ಲರಿಗೂ ತೆರೆದಿಟ್ರು, ಜಗತ್ತಿನ ಎಷ್ಟೋ ಜನ ಹವ್ಯಾಸಿಗಳು ಅದನ್ನ ಬೆಸುಗೆ ಹಾಕಿದಾರೆ. ಅದಕ್ಕೂ ನಲವತ್ತು ವರ್ಷ ಮುಂಚೆ, 1972ರಲ್ಲಿ, ಎಂಐಟಿಯ ಎಡ್ವರ್ಡ್ ಫ್ರೆಡ್‌ಕಿನ್ ಮತ್ತು ಮಾರ್ವಿನ್ ಮಿನ್‌ಸ್ಕಿ ಟ್ರೈಯಾಡೆಕ್ಸ್ ಮ್ಯೂಸ್ ಅನ್ನೋ ಪೆಟ್ಟಿಗೆ ತಂದಿದ್ರು, ಅದರಲ್ಲಿ ರ್ಯಾಂಡಮ್ ಅನ್ನೋದೇ ಇರಲಿಲ್ಲ, ಶಿಫ್ಟ್ ರಿಜಿಸ್ಟರಿನ ಬಿಟ್ಟುಗಳನ್ನ ಸ್ಲೈಡರಲ್ಲಿ ಆರಿಸಿಕೊಂಡು ಟ್ಯೂನ್ ಹೊರಡಿಸೋದು, ಕೇಳೋರಿಗೆ ಮುಂದೇನು ಬರತ್ತೆ ಅಂತ ಊಹಿಸೋಕೆ ಆಗ್ತಿರಲಿಲ್ಲ ಅಷ್ಟೇ.

ಈ ಉಂಗುರದ ಒಳಗೆ ಒಂದು ಸೊಗಸಿದೆ, ಅದನ್ನ ಹತ್ತಿರದಿಂದ ನೋಡ್ಬೇಕು. ನಂಬರ್ ಥರ ಓದೋವಾಗ ಒಂದೊಂದು ಮನೆಗೂ ಒಂದೊಂದು ಬೆಲೆ, ಹೊಸ ಬಿಟ್ ಒಳಗೆ ಬರೋದು ಒಂದರ ಮನೆಗೆ. ಮುಂದಿನ ಸ್ವರಕ್ಕೆ ಅದು ಎರಡರ ಮನೇಲಿ, ಆಮೇಲೆ ನಾಲ್ಕು, ಎಂಟು, ಹೀಗೇ ಹೋಗಿ ಕೊನೆಗೆ 128ರ ಮನೆ. ಅಂದ್ರೆ ಒಂದು ಬಿಟ್ ತಿರುಗಿದ್ರೆ ತಕ್ಷಣಕ್ಕೆ ಏನೂ ಕೇಳ್ಸಲ್ಲ, ಒಂದೆರಡು ಬೀಟ್ ಕಳೆದ ಮೇಲೆ ಒಂದು ಸ್ವರ ಚೂರು ಪಕ್ಕಕ್ಕೆ ಸರಿಯತ್ತೆ, ಆಮೇಲೆ ಅದೇ ಬಿಟ್ ದೊಡ್ಡ ತಿರುವಾಗಿ ಬರತ್ತೆ. ಬದಲಾವಣೆ ಮೆಲ್ಲಗೆ ಬೆಳೆದು ಬರೋದ್ರಿಂದ ಕಿವಿಗೆ ಅದು ತಪ್ಪು ಅಂತ ಅನ್ಸಲ್ಲ, ಯಾರೋ ಬೇಕಂತಲೇ ಮಾಡಿದ ಹಾಗೆ ಇರತ್ತೆ. ನಾಬನ್ನ ನೂರಕ್ಕೆ ಐದರಲ್ಲಿ ಇಡಿ, ಎಂಟು ಹೆಜ್ಜೆ ಸುತ್ತಲ್ಲಿ ಒಂದೂ ಬಿಟ್ ಬದಲಾಗದೇ ಇರೋ ಸಾಧ್ಯತೆ ನೂರಕ್ಕೆ 66, ಅಂದ್ರೆ ಮೂರು ಸುತ್ತಲ್ಲಿ ಎರಡು ಸುತ್ತು ಬಿಟ್ಟುಗಳು ಹಾಗೇ ಉಳೀತವೆ, ಒಂದು ಸುತ್ತಲ್ಲಿ ಏನೋ ಹೊಸದು. ನಾಬ್ ಪೂರ್ತಿ ಸೊನ್ನೆಗೆ ತಂದ್ರೆ ಇಷ್ಟವಾದ ಸಾಲು ಅಲ್ಲೇ ನಿಲ್ಲತ್ತೆ. ಪೂರ್ತಿ ಆ ಕಡೆ ತಿರುಗಿಸಿದ್ರೆ ಪ್ರತಿ ಬಿಟ್ಟೂ ತಿರುಗಿ ತಿರುಗಿ ಎಂಟರ ಬದಲು ಹದಿನಾರು ಸ್ವರದ ಸಾಲಾಗತ್ತೆ, ಎರಡನೇ ಅರ್ಧ ಮೊದಲರ್ಧದ ಕನ್ನಡಿ, ಮೇಲೆ ಹೋಗಿದ್ದೆಲ್ಲಾ ಕೆಳಗೆ. ಕೇಳಿದ್ರೆ ಪ್ರಶ್ನೆ ಉತ್ತರದ ಹಾಗಿರತ್ತೆ.

ಅಪಾಯ ಇಲ್ಲೂ ಇದೆ. ಎಲ್ಲಾ ಬಿಟ್ಟೂ ಸೊನ್ನೆ ಆದ್ರೆ ಒಂದೇ ಸ್ವರ ಒತ್ತಿಹಿಡಿದ ಹಾಗೆ ಕೂಗತ್ತೆ, ಹಾಗಾದಾಗ ಎರಡು ಮೂರು ಬಿಟ್ ಬದಲಾಯಿಸೋ ಒಂದು ಕಾವಲು ಕೋಡಲ್ಲಿ ಇಡಿ. ಇನ್ನೊಂದು, ಚೆನ್ನಾಗಿರೋ ಸಾಲು ಬಂದು ಹೋಗಿಬಿಡತ್ತೆ, ಮತ್ತೆ ಸಿಗಲ್ಲ. ಅದಕ್ಕೆ ಉಳಿಸಿಕೊಳ್ಳೋಕೆ ಒಂದು ಬಟನ್ ಬೇಕೇ ಬೇಕು, ಉಂಗುರದ ಒಂದೇ ಒಂದು ಬೈಟ್ ಬರೆದಿಟ್ರೆ ಸಾಕು ಇಡೀ ಸಾಲು ಉಳೀತು. ಬಟನ್ ಒತ್ತಿದಾಗ ಮಾತ್ರ ಬೋರ್ಡಿನ ಫ್ಲ್ಯಾಶ್ ಮೆಮೊರಿಗೆ ಬರೀರಿ, ಪ್ರತಿ ಸ್ವರಕ್ಕೂ ಬರೆದ್ರೆ ಫ್ಲ್ಯಾಶ್ ಬೇಗ ಸವೀತದೆ.

ಎಐ ಮತ್ತು ಮಾರ್ಕೋವ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಯಾವ ಸ್ವರದ ನಂತರ ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸಿ ಟೇಬಲ್ ಮಾಡಿ ಅದರ ಪ್ರಕಾರ ದಾಳ ಹಾಕೋದು ಮಾರ್ಕೋವ್, 1957ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಿಲ್ಲರ್ ಮತ್ತು ಐಸಾಕ್ಸನ್ ಕಂಪ್ಯೂಟರಿಂದ ಬರೆಸಿದ ಸ್ಟ್ರಿಂಗ್ ಕ್ವಾರ್ಟೆಟ್ಟಿನ ಕೊನೇ ಭಾಗ ಇದರಿಂದ್ಲೇ ಹುಟ್ಟಿದ್ದು. ಎಂಟು ಸ್ವರಕ್ಕೆ 64 ಮನೆ, ನಿಮ್ಮ ಮಗಳು ಹಾಡಿದ ಇನ್ನೂರು ಸ್ವರ ಎಣಿಸಿದ್ರೆ ಮನೆಗೆ ಸರಾಸರಿ ಮೂರು ಬೀಳತ್ತೆ, ಪರವಾಗಿಲ್ಲ. ಹಿಂದಿನ ಮೂರು ಸ್ವರ ನೋಡ್ತೀನಿ ಅಂತ ಹೊರಟ್ರೆ 4096 ಮನೆ, ಅಷ್ಟು ಮನೆಗೆ ಇನ್ನೂರು ಸ್ವರ ಎಲ್ಲಿ ಸಾಲತ್ತೆ, ಯಂತ್ರ ಅವಳು ಹಾಡಿದ್ದನ್ನೇ ಅಕ್ಷರಶಃ ವಾಪಸ್ ಹಾಡತ್ತೆ. ನ್ಯೂರಲ್ ನೆಟ್‌ವರ್ಕಿಗೂ ಇದೇ ಹಸಿವು, ಇನ್ನೂ ದೊಡ್ಡದು. ಇಎಸ್‌ಪಿ32ರ 520 ಕೆಬಿ ಮೆಮೊರೀಲಿ ಸಣ್ಣ ಮಾಡೆಲ್ ಓಡ್ಸೋದು ಅಸಾಧ್ಯ ಏನಲ್ಲ, ಆದ್ರೆ ಅದು ಯಾಕೆ ಹಾಗೆ ನುಡೀತು ಅಂತ ನೀವು ಮಗುಗೆ ಹೇಳೋಕೆ ಆಗಲ್ಲ. ಉಂಗುರದಲ್ಲಾದ್ರೆ ಎಂಟು ಎಲ್‌ಇಡಿ ಹಾಕಿಬಿಟ್ರೆ ಆರನೇ ಕ್ಲಾಸಿನ ಹುಡುಗಿ ಕಣ್ಣಲ್ಲೇ ನೋಡಿ ಅರ್ಥ ಮಾಡ್ಕೋತಾಳೆ. ಈ ಕಾರಣಕ್ಕೇ ನಾನು ಎಐ ಬೇಡ ಅಂತೀನಿ.

ಇನ್ನು ಮೇಷ್ಟ್ರ ಮಾತು. ಬೇಜಾರು ಮಾಡ್ಕೋಬೇಡಿ ಸರ್, ಅವರು ಹೇಳಿದ್ದು ತಾಂತ್ರಿಕವಾಗಿಯೂ ಸರಿ. ರಾಗ ಅಂದ್ರೆ ಸ್ವರಗಳ ಪಟ್ಟಿ ಅಲ್ಲ. ಹಿಂದೂಸ್ತಾನಿಯ ಭೂಪಾಲಿ ಮತ್ತು ದೇಶ್‌ಕಾರ್ ಎರಡಕ್ಕೂ ಅದೇ ಐದು ಸ್ವರ, ಸ ರಿ ಗ ಪ ದ, ನಮ್ಮ ಮೋಹನದವೇ. ಭೂಪಾಲಿಗೆ ಗಾಂಧಾರ ವಾದಿ, ಅಂದ್ರೆ ಪ್ರಧಾನ ಸ್ವರ, ದೇಶ್‌ಕಾರಕ್ಕೆ ಧೈವತ ವಾದಿ, ಅಷ್ಟರಲ್ಲೇ ಎರಡೂ ಬೇರೆ ರಾಗ, ಕೇಳಿದ್ರೆ ಬೇರೆ ಹೊತ್ತಿನ ಬೆಳಕು. ಸಮ ಚಾನ್ಸಿನ ದಾಳಕ್ಕೆ ಈ ಎರಡರ ವ್ಯತ್ಯಾಸ ಗೊತ್ತೇ ಆಗಲ್ಲ. ಆರಭಿ ತಗೊಳ್ಳಿ, ಹತ್ತೋವಾಗ ಸ ರಿ ಮ ಪ ದ ಸ, ಇಳಿಯೋವಾಗ ಸ ನಿ ದ ಪ ಮ ಗ ರಿ ಸ. ಏಳೂ ಸ್ವರ ಟೇಬಲ್ಲಿಗೆ ಹಾಕಿ ಆರಿಸಿದ್ರೆ ರಿ ಗ ಮ ಅಂತ ಹತ್ತಿಬಿಡತ್ತೆ, ಆರಭಿ ಹೋಗಿ ಶಂಕರಾಭರಣದ ನೆರಳು ಬಿದ್ದುಬಿಡತ್ತೆ. ಇದನ್ನ ಸರಿಮಾಡಬಹುದು, ಎರಡು ಟೇಬಲ್ ಇಟ್ಟು, ಹೊಸ ಸ್ವರ ಹಿಂದಿನದಕ್ಕಿಂತ ಮೇಲಿದ್ರೆ ಆರೋಹಣದ ಟೇಬಲ್ಲಿಂದ, ಕೆಳಗಿದ್ರೆ ಅವರೋಹಣದ ಟೇಬಲ್ಲಿಂದ ಹತ್ತಿರದ ಸ್ವರ ಆರಿಸೋದು. ವಾದಿ ಸ್ವರಕ್ಕೆ ಟೇಬಲ್ಲಲ್ಲಿ ಎರಡು ಮೂರು ಮನೆ ಕೊಡೋದು. ಇಷ್ಟು ಮಾಡಿದ್ರೆ ರಾಗದ ಬಣ್ಣ ಬರತ್ತೆ. ಗಮಕ, ಅಂದ್ರೆ ಸ್ವರನ ಅಲುಗಿಸಿ ಜಾರಿಸೋ ಬಗೆ, ಬರಲ್ಲ. ಸ್ವರನ ಒಂದೇ ಸಮ ನಡುಗಿಸೋ ವೈಬ್ರೇಟೋ ಹಾಕಿ ಅದೇ ಕಂಪಿತ ಗಮಕ ಅಂತ ಹೇಳೋಕೆ ಹೋಗ್ಬೇಡಿ, ಕಂಪಿತ ಪಕ್ಕದ ಸ್ವರನ ಮುಟ್ಟಿ ಬರೋ ರೀತಿ ಒಂದೊಂದು ರಾಗಕ್ಕೂ ಬೇರೆ. ಹಾಗಾಗಿ ಡಿಸ್‌ಪ್ಲೇ ಮೇಲೆ ಮಾಯಾಮಾಳವಗೌಳದ ಸ್ವರಗಳು ಅಂತ ಬರೀರಿ, ಮೇಷ್ಟ್ರಿಗೂ ಸಮಾಧಾನ, ಮಾತೂ ನಿಜ.

ಅಂದಹಾಗೆ ನಮ್ಮ ಸಂಗೀತಕ್ಕೂ ಈ ದಾಳದ ಸಂಗೀತಕ್ಕೂ ನಂಟೇ ಇಲ್ಲ ಅಂತಲ್ಲ. ಚಾನ್ಸ್ ಮೇಲೆ ಸಂಗೀತ ಕಟ್ಟಿ ಹೆಸರಾದ ಅಮೆರಿಕದ ಜಾನ್ ಕೇಜ್‌ಗೆ 1946ರಲ್ಲಿ ನ್ಯೂಯಾರ್ಕಿನಲ್ಲಿ ಭಾರತೀಯ ಸಂಗೀತ ಹೇಳಿಕೊಟ್ಟೋರು ಅಹಮದಾಬಾದಿನ ಗೀತಾ ಸಾರಾಭಾಯಿ. ಮುಂದೆ 1969ರಲ್ಲಿ ಕೇಜ್ ಅವರ ಜೊತೆಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ಎನ್‌ಐಡಿ ಅನ್ನೋ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಸರ್ ಇಟ್ಟು ಸ್ಟುಡಿಯೋ ಕಟ್ಟೋಕೆ ನೆರವಾದ್ರು. ನೀವು ಮಾಡ್ತಿರೋದು ಪರದೇಶದ ಆಟ ಅಂತ ಯಾರಾದ್ರೂ ಅಂದ್ರೆ ಇದನ್ನ ಹೇಳಿ.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ, ಯಂತ್ರದ ಜೊತೆ ತಂಬೂರಿ ಶ್ರುತಿ ಹಾಕಿ. ಮಗಳ ಶ್ರುತಿ ಪೆಟ್ಟಿಗೆ ಪಕ್ಕದಲ್ಲಿಟ್ರೂ ಸಾಕು. ಸ ಮತ್ತು ಪ ಹಿನ್ನೆಲೇಲಿ ನಿಂತ ಕೂಡ್ಲೇ ಪ್ರತಿ ಸ್ವರಕ್ಕೂ ಮನೆ ಯಾವ್ದು ಅಂತ ಕಿವಿಗೆ ಗೊತ್ತಾಗತ್ತೆ, ಅದೂ ಒಂದು ಥರದ ನೆನಪೇ. ಆದ್ರೆ ಹಾಕಿದ ಮೇಲೆ ಒಂದು ತೊಡಕು ಕಾಣ್ಸತ್ತೆ, ಹೆದರಬೇಡಿ. ನಿಮ್ಮ ಸ್ವರಗಳನ್ನ ಕೀಬೋರ್ಡಿನ ಹನ್ನೆರಡು ಸಮಭಾಗದ ಲೆಕ್ಕದಲ್ಲಿ ಇಟ್ಟಿರ್ತೀರಿ. ಸ 240 ಹರ್ಟ್ಸ್ ಅಂದ್ಕೊಳ್ಳಿ, ಆ ಲೆಕ್ಕದಲ್ಲಿ ಅಂತರ ಗಾಂಧಾರ 302.4 ಬರತ್ತೆ. ತಂಬೂರಿಯ ಸ ಒಳಗೆ ಐದನೇ ಹಾರ್ಮೋನಿಕ್, ಅಂದ್ರೆ ಮೂಲ ಸ್ವರದ ಐದು ಪಟ್ಟು ಕಂಪನ, 1200ರಲ್ಲಿ ತಾನಾಗೇ ಮೊಳಗ್ತಾ ಇರತ್ತೆ, ನಿಮ್ಮ ಗಾಂಧಾರದ ನಾಲ್ಕನೇ ಹಾರ್ಮೋನಿಕ್ 1209.5ರ ಹತ್ರ, ಎರಡೂ ಸೇರಿ ಸೆಕೆಂಡಿಗೆ ಒಂಬತ್ತು ಹತ್ತು ಸಲ ನಡುಗತ್ತೆ, ಒರಟಾಗಿ ಕೇಳ್ಸತ್ತೆ. ಗಾಂಧಾರನ ಐದು ಬೈ ನಾಲ್ಕು ಮಾಡಿ 300ಕ್ಕೆ ತನ್ನಿ, ನಡುಕ ಮಾಯ. ಪಂಚಮ ಮೂರು ಬೈ ಎರಡು, 360. ಈ ಬದಲಾವಣೆ ಮಾಡಿದ ಕ್ಷಣ ಪೆಟ್ಟಿಗೆ ಶ್ರುತಿ ಸೇರಿತು ಅನ್ನೋದನ್ನ ಮಗಳೇ ಮೊದಲು ಹೇಳ್ತಾಳೆ.

ಟಿಕ್ ಸದ್ದಿಗೆ ಎರಡು ಕಾರಣ ಇರಬಹುದು, ಮೊದಲು ಯಾವುದು ಅಂತ ಕಂಡುಹಿಡೀರಿ. ಸ್ವರ ಬದಲಾಗೋ ಹೊತ್ತಿಗೇ ಸರಿಯಾಗಿ ಬಂದ್ರೆ ಅದು ಎನ್ವಲಪ್ಪಿನ, ಅಂದ್ರೆ ಸ್ವರದ ಸದ್ದು ಏರಿ ಇಳಿಯೋ ಆಕಾರದ, ತೊಂದರೆ. ಸ್ಪೀಕರಿನ ಕೋನಿಗೆ ಸೆಕೆಂಡಿನ 44,100ನೇ ಒಂದು ಭಾಗದಲ್ಲಿ ಇಲ್ಲಿಂದ ಅಲ್ಲಿಗೆ ಹಾರು ಅಂದ್ರೆ ಅದು ಟಿಕ್ ಅನ್ನದೇ ಇನ್ನೇನ್ ಅನ್ನತ್ತೆ. ಶುರುವಲ್ಲಿ ಕೊನೇಲಿ ಐದೈದು ಮಿಲಿಸೆಕೆಂಡ್, ಅಂದ್ರೆ ಸೆಕೆಂಡಿಗೆ 44,100ರ ಲೆಕ್ಕದಲ್ಲಿ 220 ಸ್ಯಾಂಪಲ್, ಇಳಿಜಾರು ಕೊಡಿ, ಜೊತೆಗೆ ಫ್ರೀಕ್ವೆನ್ಸಿ ಬದಲಾಯಿಸೋವಾಗ ಫೇಸನ್ನ, ಅಂದ್ರೆ ಅಲೆ ಎಲ್ಲಿಗೆ ಬಂದಿದೆ ಅನ್ನೋ ಲೆಕ್ಕನ, ಸೊನ್ನೆ ಮಾಡ್ಬೇಡಿ, ಅದನ್ನ ಎಣಿಸೋ ಫೇಸ್ ಅಕ್ಯುಮುಲೇಟರ್ ಎಲ್ಲಿತ್ತೋ ಅಲ್ಲಿಂದ್ಲೇ ಮುಂದುವರೀಲಿ. ಟಿಕ್ ಹೊತ್ತುಗೊತ್ತಿಲ್ಲದೇ ಬರ್ತಿದ್ರೆ ಬಫರ್, ಅಂದ್ರೆ ನುಡಿಸೋಕೆ ಮುಂಚೆ ಸದ್ದು ತುಂಬಿಡೋ ಜಾಗ, ಖಾಲಿ ಆಗ್ತಿದೆ ಅಂತ ಅರ್ಥ, ನನ್ನ ಅನುಮಾನ ನಿಮ್ಮ ಓಎಲ್‌ಇಡಿ ಮೇಲೆ. 128 ಇನ್ಟು 64ರ ಡಿಸ್‌ಪ್ಲೇಗೆ ಒಂದು ಸಲ ಪೂರ್ತಿ ಬರೆಯೋಕೆ 1024 ಬೈಟ್, ಬೋರ್ಡಿಂದ ಡಿಸ್‌ಪ್ಲೇಗೆ ಹೋಗೋ 400 ಕಿಲೋಹರ್ಟ್ಸ್ ಐ ಸ್ಕ್ವೇರ್ ಸೀ ತಂತೀಲಿ ಅದಕ್ಕೆ 23 ಮಿಲಿಸೆಕೆಂಡ್ ಬೇಕು. 256 ಸ್ಯಾಂಪಲಿನ ಬಫರಲ್ಲಿ ಇರೋದು ಆರು ಮಿಲಿಸೆಕೆಂಡಿಗೂ ಕಮ್ಮಿ ಸದ್ದು. ಎರಡೂ ಒಂದೇ ಲೂಪಲ್ಲಿದ್ರೆ ಸದ್ದು ತುಂಡಾಗ್ಲೇಬೇಕು. ಡಿಸ್‌ಪ್ಲೇನ ಒಂದು ಕೋರಿಗೆ, ಆಡಿಯೋನ ಇನ್ನೊಂದು ಕೋರಿಗೆ ಹಾಕಿ. ಸ್ವರದ ಕಾಲಾವಧಿಗೂ ಡಿಲೇ ಫಂಕ್ಷನ್ ಬಿಟ್ಟು ಸ್ಯಾಂಪಲ್ ಎಣಿಸಿ, ನಿಮ್ಮ ವೇಗಕ್ಕೆ ಒಂದು ಸ್ವರಕ್ಕೆ ಸರಿಯಾಗಿ 14,700 ಸ್ಯಾಂಪಲ್, ತಾಳ ಒಂದು ಕೂದಲೆಳೆನೂ ಅಲುಗಲ್ಲ.

ಕೊನೇದಾಗಿ ನಾಲ್ಕು ನಾಬ್ ಯಾವುದಕ್ಕೆ ಅಂತ. ಒಂದು ವೇಗ, ಒಂದು ಬದಲಾವಣೆಯ ಚಾನ್ಸು, ಒಂದು ಸ್ವರದಿಂದ ಸ್ವರಕ್ಕೆ ಜಾರೋ ಸಮಯ, ಅದನ್ನ ಸೊನ್ನೆಯಿಂದ 80 ಮಿಲಿಸೆಕೆಂಡ್ ತನಕ ಇಡಿ, ನಾಲ್ಕನೇದು ವಾಲ್ಯೂಮು. ಇವಲ್ಲದೇ ಎಂಟು ಬಟನ್ ಹಾಕಿ ಸರ್, ಸಣ್ಣ ಖರ್ಚು. ಉಂಗುರವನ್ನ ಬಿಟ್ಟುಗಳ ಬದಲು ಎಂಟು ಸ್ವರದ ಉಂಗುರ ಮಾಡಿ, ನಿಮ್ಮ ಮಗಳು ಬಟನ್ ಒತ್ತಿ ತನಗೆ ಇಷ್ಟವಾದ ಎಂಟು ಸ್ವರ ತುಂಬಲಿ, ಜಂಟಿ ವರಸೆಯ ಒಂದು ಸಾಲೋ ಅವಳೇ ಕಟ್ಟಿದ್ದೋ ಯಾವುದಾದ್ರೂ ಆಗ್ಲಿ. ಯಂತ್ರ ಮೊದಲೆರಡು ಸುತ್ತು ಅದನ್ನ ಹಾಗೇ ನುಡಿಸ್ಲಿ, ಆಮೇಲೆ ಚಾನ್ಸ್ ನಾಬ್ ಹೇಳಿದಷ್ಟು, ಕವಡೆ ಲೆಕ್ಕದ ಹೆಜ್ಜೇಲಿ, ಒಂದೊಂದೇ ಸ್ವರ ಪಕ್ಕಕ್ಕೆ ಸರಿಸ್ತಾ ಹೋಗ್ಲಿ. ಅವಳು ತುಂಬಿದ ಮೂಲ ಸಾಲನ್ನ ಬೇರೆ ಕಡೆ ಜೋಪಾನವಾಗಿ ಇಟ್ಟಿರಿ, ಒಂದು ಬಟನ್ ಒತ್ತಿದ್ರೆ ಎಷ್ಟೇ ದೂರ ಹೋಗಿದ್ರೂ ಮುಂದಿನ ಸಮಕ್ಕೆ ಸರಿಯಾಗಿ ಆ ಸಾಲಿಗೇ ವಾಪಸ್ ಬರೋ ಹಾಗೆ. ಆ ಬಟನ್ನಿಗೆ ಬೇರೆ ಬಣ್ಣದ ಕ್ಯಾಪ್ ಹಾಕಿ, ಅವಳ ಕೈ ಪದೇ ಪದೇ ಅಲ್ಲಿಗೇ ಹೋಗತ್ತೆ.